ಸೋಂಪುರ ಶೆಡ್ಡಿನ ಬಹುಭೌತಿಕ ಧ್ವನಿಮೀಮಾಂಸೆ

ಶಾಖ, ಕಂಪನ, ಗಾಳಿ, ಧ್ವನಿ ಇವೆಲ್ಲವನ್ನೂ ಒಂದೇ ಕಂಪ್ಯೂಟರಿನೊಳಗೆ ಕೂಡಿಹಾಕಿ, ಅವುಗಳ ಪರಸ್ಪರ ಪ್ರಭಾವವನ್ನು ಸಮೀಕರಣಗಳಿಂದ ಬಿಡಿಸಿ, ಕೊನೆಗೆ ಕಾಮನಬಿಲ್ಲಿನ ಬಣ್ಣದ ಚಿತ್ರವೊಂದನ್ನು ಪ್ರಾಜೆಕ್ಟ್ ವರದಿಗೆ ಅಂಟಿಸುವ ಶಾಸ್ತ್ರಕ್ಕೆ ಬಹುಭೌತಿಕ ಅನುಕರಣವೆಂದು ಹೆಸರು. ನೆಲಮಂಗಲ ತಾಲ್ಲೂಕಿನ ಸೋಂಪುರ ಕೈಗಾರಿಕಾ ಪ್ರದೇಶದ ಪವರ್ ಪ್ರೆಸ್ ಶೆಡ್ಡು ಈ ಶಾಸ್ತ್ರಕ್ಕೆ ಪ್ರಶಸ್ತ ವಸ್ತು. ಅಲ್ಲಿಗೆ ಕಾಲಿಡದೆಯೇ ಅದರ ಮಾದರಿಯನ್ನು ರಚಿಸಬಹುದು.

ಈ ಶಾಸ್ತ್ರದ ಅಭ್ಯಾಸಿಗಳು ತ್ರಿವಿಧ. ತಂತ್ರಾಂಶವು ತಾನಾಗಿ ಕೊಡುವ ‘ಗಟ್ಟಿ ಗೋಡೆ’ಯನ್ನು, ಅಂದರೆ ಬಿದ್ದ ಧ್ವನಿಯನ್ನೆಲ್ಲ ಹಿಂದಿರುಗಿಸುವ ಗೋಡೆಯನ್ನು, ಶೆಡ್ಡಿನ ಶಟರ್ ಹಗಲೆಲ್ಲ ತೆರೆದಿದ್ದರೂ ಬದಲಿಸದವರು ಯಥಾಸ್ಥಿತಿವಾದಿಗಳು; ಅದನ್ನು ಬದಲಿಸಿ, ಎರರ್ ಬಂದೊಡನೆ ಮೊದಲಿನಂತೆ ಮಾಡುವವರು ಪುನರಾಗಮನವಾದಿಗಳು. ಮೂರನೆಯವರೂ ಕಡೆಗೆ ಅದನ್ನೇ ಮಾಡುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಬಿಡಬಹುದು.

ಮುಂದಿನದು ಜಾಲರಿ, ಅಂದರೆ ಶೆಡ್ಡಿನ ಗಾಳಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸುವ ಕ್ರಿಯೆ. ಒಂದು ತರಂಗದ ಉದ್ದಕ್ಕೆ ಐದಾರು ತುಂಡುಗಳಾದರೂ ಇರಬೇಕೆಂಬುದು ರೂಢಿಯ ನಿಯಮ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದುದರಿಂದ 1000 ಹರ್ಟ್ಸ್‌ನ ತರಂಗ 34 ಸೆಂಟಿಮೀಟರ್ ಉದ್ದವಿರುತ್ತದೆ. 30 ಮೀಟರ್ ಉದ್ದ, 15 ಮೀಟರ್ ಅಗಲ, 8 ಮೀಟರ್ ಎತ್ತರದ ಶೆಡ್ಡಿಗೆ ಹೆಚ್ಚುಕಡಿಮೆ ಎರಡು ಕೋಟಿ ತುಂಡುಗಳು ಬೇಕಾಗಿ, ಲ್ಯಾಪ್‌ಟಾಪ್ ಬಿಸಿಯಾಗಿ ನಿಂತುಹೋಗುತ್ತದೆ. 100 ಹರ್ಟ್ಸ್‌ಗೆ ಇಳಿದರೆ ಇಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ. ಆದಕಾರಣ ಸೋಂಪುರದ ಪ್ರೆಸ್ಸು 100 ಹರ್ಟ್ಸ್‌ನಲ್ಲಿ ಮಾತ್ರ ಸದ್ದು ಮಾಡುತ್ತದೆಂದು ಸಿದ್ಧಾಂತವಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ ಸಿ. ವಿ. ರಾಮನ್ ಅವರು ಮೃದಂಗದ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಅದು ಎಲ್ಲೆಲ್ಲಿ ಸರಿದು ನಿಲ್ಲುತ್ತದೆಂದು ನೋಡಿ ಕಂಪನದ ರೂಪಗಳನ್ನು ಗುರುತಿಸಿ, 1934ರ ಪ್ರಬಂಧದಲ್ಲಿ ವಿವರಿಸಿದರು. ಅವರ ಹತ್ತಿರ ಮೃದಂಗವಿತ್ತು ಎಂಬುದು ಇಂದಿನ ಪಠ್ಯಕ್ರಮದ ದೃಷ್ಟಿಯಿಂದ ವಿಧಾನದೋಷ.

ಆದರೆ ತಗಡು ಕತ್ತರಿಸುವ ಪ್ರೆಸ್ಸಿನ ಪಕ್ಕ ವರ್ಷಗಟ್ಟಲೆ ನಿಲ್ಲುವವನ ಕಿವಿ ಮೊದಲು ಕೆಡುವುದು ಸಾಮಾನ್ಯವಾಗಿ 4000 ಹರ್ಟ್ಸ್‌ನ ಆಸುಪಾಸಿನಲ್ಲಿ. ಆ ಆವರ್ತನಕ್ಕೆ ಇದೇ ಜಾಲರಿ ಹೆಣೆಯಲು ನೂರು ಕೋಟಿಗೂ ಮೀರಿದ ತುಂಡುಗಳು ಬೇಕು. ಅದಕ್ಕೆಂದೇ ಧ್ವನಿಯನ್ನು ಬೆಳಕಿನ ಹಾಗೆ ಕಿರಣಗಳಾಗಿ ಎಣಿಸುವ ಬೇರೆ ವಿಧಾನವೇ ಇದೆ, ಅದು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟುಬಿಡುತ್ತಾರೆ. ನಾಚಿಕೆಗೇಡು! ಡೆಸಿಬಲ್ ಮೀಟರು ಹಿಡಿದು ಒಂದು ಪಾಳಿ ಅಲ್ಲಿ ನಿಂತರೆ ತಿಳಿಯುವುದನ್ನು ತಿಳಿಯಲು ಯಾವ ತಂತ್ರಾಂಶದ ಲೈಸೆನ್ಸೂ ಬೇಡ. ಕಿವಿಗೆ ಬನಿಯನ್ ವೇಸ್ಟ್ ಬಟ್ಟೆ ತುರುಕಿಕೊಂಡು ದುಡಿಯುವವನಿಗೆ ಸಂಜೆ ಮನೆಯಲ್ಲಿ ಮಗಳು ಕರೆದದ್ದು ಕೇಳಿಸದಿದ್ದರೆ, ಆ ನಷ್ಟವನ್ನು ತೋರಿಸುವ ಬಣ್ಣ ಯಾವ ವರದಿಯಲ್ಲೂ ಇಲ್ಲ.