ಧೂಮಶಕಟಾದ್ಯಂತ ಪಾದಸಂಚಾರ: ಒಂದು ತಾತ್ವಿಕ ಚೌಕಟ್ಟಿನತ್ತ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ನಿಲ್ದಾಣದಲ್ಲಿ ಇಳಿದು, ಹೊಲ ತೋಟ ಹಾದು, ಸಂಜೆ ಮತ್ತೊಂದು ನಿಲ್ದಾಣದಲ್ಲಿ ರೈಲು ಹತ್ತುವ ಕ್ರಿಯೆಯನ್ನು ಪಾಮರರು ‘ಸುತ್ತಾಟ’ ಎನ್ನುತ್ತಾರೆ. ಪ್ರಸ್ತುತ ಪ್ರಬಂಧವು ಈ ಸರಳೀಕರಣಕ್ಕೆ ಮುಖಾಮುಖಿಯಾಗುತ್ತಾ, ಸದರಿ ಕ್ರಿಯೆಯನ್ನು ಧೂಮಶಕಟಾದ್ಯಂತ ಪಾದಸಂಚಾರ (ಇನ್ನು ಮುಂದೆ ಧೂ.ಪಾ.) ಎಂಬ ಪರಿಕಲ್ಪನೆಯಡಿ ಮರುಚಿಂತನೆಗೆ ಒಳಪಡಿಸುತ್ತದೆ. ರೈಲಿನಲ್ಲಿ ಈಗ ಧೂಮವೇ ಇಲ್ಲವೆಂಬ ಆಕ್ಷೇಪಕ್ಕೆ ಅನುಬಂಧದಲ್ಲಿ ಉತ್ತರಿಸಲಾಗಿದೆ. ಅನುಬಂಧವನ್ನು ಪುಟಮಿತಿಯ ಕಾರಣ ಕೈಬಿಡಲಾಗಿದೆ.

ವ್ಯಾಪ್ತಿಯ ಬಗ್ಗೆ ಒಂದು ಮಾತು. ಹೊಸಕೋಟೆ ಪಟ್ಟಣಕ್ಕೆ ನಿಲ್ದಾಣವೇ ಇಲ್ಲದಿರುವುದರಿಂದ ಅದನ್ನು ‘ಅನುಪಸ್ಥಿತಿಯ ಸಂಕಥನ’ದವರಿಗೆ ಬಿಟ್ಟುಕೊಡಲಾಗಿದೆ. ದೊಡ್ಡಬಳ್ಳಾಪುರದಾಚೆಯ ಮಾಕಳಿದುರ್ಗದಲ್ಲಿ ಇಳಿದವರು ಬೆಟ್ಟ ಹತ್ತಿ ಅದೇ ನಿಲ್ದಾಣಕ್ಕೆ ಮರಳುತ್ತಾರಾದ್ದರಿಂದ ಅಲ್ಲಿ ಆದ್ಯಂತಭೇದ ಸಿದ್ಧಿಸುವುದಿಲ್ಲ. ಹಾಗಾಗಿ 1915ರ ಸುಮಾರಿಗೆ ನ್ಯಾರೋಗೇಜಾಗಿ ಶುರುವಾದ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗವೇ ನಮ್ಮ ಆಕರ: ದೇವನಹಳ್ಳಿಯಲ್ಲಿ ಇಳಿಯುವುದು, ನಾಡಪ್ರಭುಗಳ ಮೂಲನೆಲೆಯಾದ ಆವತಿಯನ್ನು ಹಾಯುವುದು, ನಂದಿ ಹಾಲ್ಟ್‌ನಲ್ಲಿ ಹತ್ತುವುದು.

ಧೂ.ಪಾ.ಗಳಲ್ಲಿ ಐದು ವರ್ಗ. ಮೊದಲನೆಯದು ವೇಳಾಪಟ್ಟಿನಿಷ್ಠ: ದಿನಕ್ಕೆ ಬೆರಳೆಣಿಕೆಯ ರೈಲುಗಳಿರುವ ಈ ಹಳಿಯಲ್ಲಿ ಕೊನೆಯದು ತಪ್ಪೀತೆಂದು ಬೆಳಿಗ್ಗೆಯಿಂದಲೇ ಓಡುವವನು. ಎರಡನೆಯದು ಸ್ವಬಿಂಬಗ್ರಾಹಿ: ದ್ರಾಕ್ಷಿ ಚಪ್ಪರದ ಮುಂದೆ ನಿಂತು ಚಪ್ಪರ ಕಾಣದಂತೆ ಫೋಟೊ ತೆಗೆದುಕೊಳ್ಳುವವನು. ಮೂರನೆಯದು ಉಪನ್ಯಾಸಕ. ನಾಲ್ಕೂ ಐದೂ ಉಪನ್ಯಾಸಕರೇ; ನಡೆಯುವುದಿಲ್ಲ, ನಡಿಗೆಯ ಕುರಿತು ಗೋಷ್ಠಿ ಮಾಡುತ್ತಾರೆ, ಮಧ್ಯಾಹ್ನ ಊಟವಿರುತ್ತದೆ. ಸಾಕು ಈ ವರ್ಗೀಕರಣ.

ಕ್ಷೇತ್ರಕಾರ್ಯದಲ್ಲಿ ದಕ್ಕಿದ ಮೌಖಿಕ ಆಕರ ಒಂದೇ. ಬದುವಿನ ಮೇಲೆ ಕುರಿ ಮೇಯಿಸುತ್ತಿದ್ದ ಅಜ್ಜ ಕೇಳಿದ್ದು: “ಜಮೀನ್ ನೋಡಕ್ ಬಂದ್ರಾ ಸಾಮಿ?” ಸುಮ್ಮನೆ ನಡೀತಿದೀವಿ ಎಂದರೆ ನಂಬಲಿಲ್ಲ. ಯಾಕೆ ನಂಬಬೇಕು? ಇದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತಿದ್ದರು. ಸರ್ಕಾರ ಸ್ವಾಧೀನ ಕೈಬಿಡುತ್ತೇವೆ ಎಂದದ್ದು 2025ರ ಜುಲೈನಲ್ಲಿ. ಪ್ಯಾಂಟು ತೊಟ್ಟು ಹೊಲದಲ್ಲಿ ಅಲೆಯುವವನು ಆ ಅಜ್ಜನ ಅನುಭವದಲ್ಲಿ ಒಂದೋ ಸರ್ವೆಯವನು, ಇಲ್ಲ ಬ್ರೋಕರ್. ಹೀಗೆ ಅಲೆಯುವುದಕ್ಕೆ ನಮ್ಮ ಗೋಷ್ಠಿಗಳಲ್ಲಿ ‘ಗ್ರಾಮೀಣ ಅವಕಾಶದೊಂದಿಗಿನ ಅನುಸಂಧಾನ’ ಎನ್ನುತ್ತಾರೆ. ನಾಚಿಕೆಯಾಗಬೇಕು.

ಗ್ರಾಮನಕಾಶೆ ತೆಗೆದು ನೋಡಿ. ಕಾಲುದಾರಿ, ಬಂಡಿದಾರಿ ಚುಕ್ಕೆಗೆರೆಗಳಲ್ಲಿ ಹಾಗೇ ಇವೆ. ದಾಖಲೆಯಲ್ಲಿ ಅವು ‘ಬಿ ಖರಾಬು’, ಎಂದರೆ ಸಾರ್ವಜನಿಕರ ಬಳಕೆಗೆ ಬಿಟ್ಟ ನೆಲ, ಮಾರುವ ಹಾಗಿಲ್ಲ. ನೆಲದ ಮೇಲೆ ಹೋದರೆ ಅದೇ ಗೆರೆಗೆ ಅಡ್ಡಲಾಗಿ ಬಡಾವಣೆಯ ಕಾಂಪೌಂಡು, ಗೇಟಿನಲ್ಲಿ ಸೀಟಿ ಊದುವ ಕಾವಲುಗಾರ. ಅವನದೇನು ತಪ್ಪು, ಅವನೂ ಪಕ್ಕದೂರಿನವನೇ. ಆ ದಾರಿಯಲ್ಲೇ ಶಾಲೆಗೆ ಹೋಗಿದ್ದನಂತೆ. ಸುತ್ತಿ ಬಂದರೆ ಹೆದ್ದಾರಿಯ ಸರ್ವಿಸ್ ರಸ್ತೆ, ಲಾರಿ, ದೂಳು. ನೇರವಾಗಿ ಉಳಿದಿರುವುದು ರೈಲು ಹಳಿಯೊಂದೇ. ಅದರ ಮೇಲೆ ನಡೆದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸಜೆ ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. ದಾರಿಗೆ ಅಡ್ಡ ಗೋಡೆ ಎಬ್ಬಿಸಿದವರಿಗೆ ಯಾವ ಸೆಕ್ಷನ್ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ, “ಅರ್ಜಿ ಬರ್ಕೊಡಿ ಸಾರ್, ಸರ್ವೆಗೆ ಹಾಕ್ತೀವಿ” ಅನ್ನುತ್ತಾರೆ.