ಕೊಂಡಿಯ ರಾಯರು

ತಾರುಣ್ಯದಲ್ಲಿ ಧಾರವಾಡದ ಕಡೆಯಿಂದ ಪುಣೆಗೆ ಬಂದು, ಪಿಂಪರಿ-ಚಿಂಚವಾಡದ ಯಾವುದೋ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂರು ದಶಕಗಳಿಗೆ ಮೇಲ್ಪಟ್ಟು ಸೇವೆ ಸಲ್ಲಿಸಿ, ಕೋಥರೂಡಿನಲ್ಲಿ ಒಂದು ಮನೆ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಂದು ವರ್ನಿಯರು, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಸಕಲ ವಸ್ತುಗಳ ಮೇಲೂ ಒಂದು ಅಚಲವಾದ ತಿರಸ್ಕಾರ, ಇಷ್ಟನ್ನು ಸಂಪಾದಿಸಿಕೊಂಡು ನಿವೃತ್ತರಾದ ಕನ್ನಡಿಗರ ಪಂಗಡವೊಂದು ಈ ಊರಿನಲ್ಲಿದೆ. ನಮ್ಮ ನೆರೆಮನೆಯ ರಾಯರು ಆ ಪಂಗಡಕ್ಕೆ ಭೂಷಣಪ್ರಾಯರು. "ಇದನ್ನೇನ್ ಕೊಳ್ಳೂದ್ರೀ, ಮನಿಯೊಳಗ ಮಾಡಿದ್ರಾತು" ಎಂಬುದೇ ಅವರ ಗಾಯತ್ರಿ. ಅವರ ಮನೆಯ ಕರೆಗಂಟೆ ಸ್ವಹಸ್ತನಿರ್ಮಿತವಾದುದು. ಗುಂಡಿಯೊತ್ತಿದರೂ ಮೊಳಗುತ್ತದೆ, ಒಳಗೆ ಫ್ಯಾನು ಹಾಕಿದರೂ ಮೊಳಗುತ್ತದೆ.

ಮುಳಶಿಯ ಕಡೆಗೆ, ಪೌಡಿನ ಆಚೆ, ರಾಯರಿಗೆ ಇಪ್ಪತ್ತು ಗುಂಟೆ ಭತ್ತದ ಭೂಮಿಯಿದೆ. ಆಷಾಢದ ಮಳೆಯಲ್ಲಿ ತಂದೆಯ ಕಾರು ಅಲ್ಲಿಯ ಕೆಸರಿನಲ್ಲಿ ಹೂತ ವಾರ್ತೆಯನ್ನು ಕೇಳಿ ಮರುಗಿದ ಪರದೇಶವಾಸಿ ಪುತ್ರನು ಎ.ಟಿ.ವಿ. ಎಂಬ ವಾಹನವನ್ನು ಕೊಡಿಸಿದನು: ಸ್ಕೂಟರಿನ ಹ್ಯಾಂಡಲು, ಟ್ರ್ಯಾಕ್ಟರಿನ ಚಿಕ್ಕಪ್ಪನ ಮಗನೆನ್ನಬಹುದಾದ ನಾಲ್ಕು ಗಾಲಿ, ಒಟ್ಟಿನಲ್ಲಿ ಜಿಗಿಯಲು ಸಿದ್ಧವಾದ ಕಪ್ಪೆಯ ನಿಲುವು. ಗೊಬ್ಬರ ಸಾಗಿಸಲು ಹಳೆಯದೊಂದು ಟ್ರಾಲಿಯೂ ಬಂದಿತು. ಇವೆರಡನ್ನೂ ಕೂಡಿಸುವ ಕೊಂಡಿಯೊಂದೇ ಉಳಿದ ಕೊರತೆ. ಅಂಗಡಿಯವನು ಬೆಲೆ ಹೇಳಿದನು. ರಾಯರು ಕನ್ನಡಕ ತೆಗೆದು, ಒರೆಸಿ, ಮರಳಿ ಧರಿಸಿ, "ಕೊಂಡೀದ ಹೇಳ್ರಿ, ಗಾಡೀದಲ್ಲ" ಎಂದು ಮರಾಠಿಯಲ್ಲಿ ಅರುಹಿ ಹಿಂದಿರುಗಿದರು.

ಮೊದಲು ನಕ್ಷೆ. ಸೋದರಳಿಯನ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಕತ್ತರಿಸಿ, ವಾಹನದ ಹಿಂಬದಿಯ ಚೌಕಟ್ಟಿಗೆ ಒತ್ತಿ ಹಿಡಿದು, ರಂಧ್ರಗಳ ಸ್ಥಾನವನ್ನು ಪೆನ್ಸಿಲಿನಿಂದ ಗುರುತಿಸಿದರು. ಒಂದು ರಂಧ್ರವು ಸರಿಯಾಗಿ ಮುಹೂರ್ತದ ಮೇಲೆಯೇ ಬಿದ್ದಿತು. ಅನಂತರದ ಸಾಮಗ್ರಿಗಾಗಿ ಮಂಗಳವಾರ ಪೇಠೆಯ ಜುನಾ ಬಾಜಾರು. ಭಾನುವಾರ ಮತ್ತು ಬುಧವಾರ ಸೇರುವ ಈ ಸಂತೆಯಲ್ಲಿ, ಒಡೆದ ಗಡಿಯಾರ, ಒಂಟಿ ಬೂಟು, ಯಾವುದೋ ಕಾಲದ ಸ್ಪ್ಯಾನರುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಹತ್ತು ಮಿಲಿಮೀಟರು ದಪ್ಪದ ಉಕ್ಕಿನ ತುಂಡೊಂದನ್ನು ಬೆರಳಿನಿಂದ ಬಡಿದು ನಾದ ಪರೀಕ್ಷಿಸುವ ರಾಯರ ಮುಖದಲ್ಲಿ ನಾನು ಕಂಡ ತನ್ಮಯತೆಯನ್ನು ಸವಾಯಿ ಗಂಧರ್ವ ಉತ್ಸವದ ಮೊದಲ ಸಾಲಿನಲ್ಲಿಯೂ ಕಂಡಿಲ್ಲ.

ಬೆಸುಗೆಯೆಂದರೆ ಅವರಿಗೆ ಆಗದು. ತೆಳುವಾದ ಕೊಳವೆಯ ಚೌಕಟ್ಟು ಬೆಸುಗೆಯ ಕಾವಿಗೆ ಬಲಗುಂದುತ್ತದೆಂಬುದು ಶಾಸ್ತ್ರ. ಬೋಲ್ಟು ಹಾಕಿದುದನ್ನು ತಪ್ಪು ತಿಳಿದಾಗ ಬಿಚ್ಚಬಹುದೆಂಬುದು ಅನುಭವ. ಈವರೆಗೆ ಏಳು ಸಲ ಬಿಚ್ಚಿದ್ದಾರೆ. ಬೋಲ್ಟಿನ ತಲೆಯ ಮೇಲೆ 8.8 ಎಂದು ಒತ್ತಿರುವ ಅಂಕಿಗೆ ಅವರು ಮಾಡುವ ಭಾಷ್ಯವನ್ನು ನಾನು ನಿದ್ರೆಯಲ್ಲಿಯೂ ಒಪ್ಪಿಸಬಲ್ಲೆ: ಮೊದಲ ಎಂಟೆಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ನುಗಳ ಎಳೆತದವರೆಗೆ ಹರಿಯದು, ಎರಡನೆಯ ಎಂಟೆಂದರೆ ಅದರ ಹತ್ತರಲ್ಲಿ ಎಂಟು ಪಾಲಿನವರೆಗೆ, ಅರ್ಥಾತ್ 640ರವರೆಗೆ, ಎಳೆದರೂ ಪೂರ್ವಸ್ಥಿತಿಗೆ ಮರಳುತ್ತದೆ. "ಮನುಷ್ಯಾರೊಳಗ ಇಂಥಾವ್ರು ಎಷ್ಟು ಮಂದಿ ಸಿಗ್ತಾರ್ರೀ?" ಎಂದು ಕೇಳಿ ನನ್ನನ್ನು ದಿಟ್ಟಿಸುತ್ತಾರೆ. ಎಳೆಯುವ ವಿದ್ಯೆಯ ಗೌರವವನ್ನು ಯಾರಾದರೂ ಶಂಕಿಸಿದರೆ ಬೋರಘಾಟಿನ ಉದಾಹರಣೆ ಸಿದ್ಧವಾಗಿರುತ್ತದೆ: ಕರ್ಜತಿನಿಂದ ಲೋಣಾವಳೆಗೆ 37ಕ್ಕೆ 1ರ ಏರಿನಲ್ಲಿ ರೈಲಿನ ಬೆನ್ನಿಗೆ ಬೇರೆ ಎಂಜಿನ್ನುಗಳನ್ನು ಕೂಡಿಸಿ ನೂಕಿಸುತ್ತಾರಲ್ಲವೆ? ಅಲ್ಲಿ ನೂಕುವುದು, ಇಲ್ಲಿ ಎಳೆಯುವುದು, ಎಂದು ನಾನೊಮ್ಮೆ ಅಂದುದಕ್ಕೆ ಎರಡು ದಿನ ಚಹವಿಲ್ಲದೆ ಕಳೆಯಬೇಕಾಯಿತು.

ಹೊರೆಯ ಸುಮಾರು ಹತ್ತನೆಯ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು, ಭಾರವು ಹಿಂದಕ್ಕೆ ಸರಿದರೆ ಟ್ರಾಲಿ ಮೂತಿಯೆತ್ತಿ ಬಾಲವಾಡಿಸುತ್ತದೆ ಎಂಬ ಸಿದ್ಧಾಂತವನ್ನು ಪ್ರತ್ಯಕ್ಷ ತೋರಿಸುವ ಸಲುವಾಗಿ ಗೊಬ್ಬರದ ಸ್ಥಾನದಲ್ಲಿ ನನ್ನನ್ನು ನಿಯಮಿಸಲಾಯಿತು. ನಾನು ಹಿಂಬದಿಗೆ ಸರಿದೆನು. ಸಿದ್ಧಾಂತವು ಸತ್ಯವೆಂದು ಕೂಡಲೆ ತಿಳಿಯಿತು. ಸೊಂಟವು ಹದಿನೈದು ದಿನ ಅದಕ್ಕೆ ಸಾಕ್ಷಿ ನುಡಿಯಿತು.

ಕೊಂಡಿಯೇನೋ ಸಿದ್ಧವಾಯಿತು, ಸುಂದರವೂ ಆಯಿತು. ಆದರೆ ಜುನಾ ಬಾಜಾರಿನವನು "ಎಲ್ಲಾ ಗುಂಡೂ ಒಂದೇ, ಸಾಹೇಬ" ಎಂದು ಪ್ರಮಾಣ ಮಾಡಿ, ಕೊಂಡಿಯ ತುದಿಗೆ ಕೂರಿಸಲು ಕೊಟ್ಟ ಗುಂಡು ಎರಡು ಇಂಚಿನದು, ಎಂದರೆ 50.8 ಮಿಲಿಮೀಟರು; ಅದರ ಮೇಲೆ ಕವುಚಿ ಕೂರಬೇಕಾದ ಟ್ರಾಲಿಯ ಬಟ್ಟಲಾದರೋ 50ರ ಗುಂಡಿಗೆಂದು ಮಾಡಿದುದು. ಬಟ್ಟಲು ಗುಂಡಿನ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ನಿಂತಿತೇ ಹೊರತು ಕೆಳಗಿಳಿಯಲಿಲ್ಲ. ಬೇರೆ ಗುಂಡು ಕೊಳ್ಳಬಹುದೆಂದು ಸೂಚಿಸಿದ ನನ್ನನ್ನು ರಾಯರು, ಮಡಿಯಲ್ಲಿರುವಾಗ ಮುಟ್ಟಿದವನನ್ನು ನೋಡುವಂತೆ ನೋಡಿದರು.

ಅಂದಿನಿಂದ ಪ್ರತಿ ಸಾಯಂಕಾಲವೂ ಅವರು ಪಡಸಾಲೆಯಲ್ಲಿ ಕುಳಿತು ಎಮರಿ ಕಾಗದದಿಂದ ಗುಂಡನ್ನು ತೇಯುತ್ತಾರೆ. "ದೇವರಿಗೆ ಗಂಧಾ ಎಂದಾದ್ರೂ ಇಷ್ಟು ಪ್ರೀತಿಲೆ ತೇಯ್ದಾರೇನು, ಕೇಳ್ರಿ ಅವರನ್ನ" ಎಂದು ಅವರ ಪತ್ನಿ ನನ್ನ ಮುಖಾಂತರ ವಿಚಾರಿಸುತ್ತಾರೆ. ಗೊಬ್ಬರವನ್ನು ಆಳುಗಳು ತಲೆಯ ಮೇಲೆ ಹೊತ್ತು ಮುಗಿಸಿದ್ದಾರೆ. ನಿನ್ನೆ ಸಂಜೆ ವರ್ನಿಯರನ್ನು ನಾನೇ ಹಿಡಿದು ಓದಿದೆನು: 50.6.