ಷಡ್ಡಕರ ಮ್ಯಾನ್‌ಹಟನ್

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಮ್ಯಾನೇಜರು. ವಯಸ್ಸು ಐವತ್ತರ ಅಂಚು. ಮಂಡಿನೋವು ಇರುವುದರಿಂದ ಮೊದಲ ಮಹಡಿಗೂ ಲಿಫ್ಟಿಗೆ ಕಾಯುತ್ತಾರೆ. ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ನೋಡಿದರೆ ತಲೆ ಸುತ್ತುತ್ತದೆ. ಬಚ್ಚಲಲ್ಲಿ ಜೇಡ ಕಂಡರೆ ಮಗನನ್ನು ಕೂಗುತ್ತಾರೆ. ಈ ಮನುಷ್ಯ ರಾತ್ರಿ ಊಟವಾಗಿ, ಅಡುಗೆಮನೆಯ ಸದ್ದಡಗಿದ ಮೇಲೆ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ತಲೆಕೆಳಗಾಗಿ ಧುಮುಕುತ್ತಾರೆ.

ಧುಮುಕಲಿ, ಯಾರಪ್ಪನ ಗಂಟು ಹೋಗಬೇಕು. ಕಷ್ಟವೇನೆಂದರೆ ನಮ್ಮನ್ನೂ ಧುಮುಕಿ ಅನ್ನುತ್ತಾರೆ.

ಇಂಥವರು ಎಲ್ಲರ ಬಳಗದಲ್ಲೂ ಒಬ್ಬರಿರುತ್ತಾರೆ. ತಮಗೆ ಹಿಡಿಸಿದ್ದು ಊರಿಗೆಲ್ಲ ಹಿಡಿಸುವವರೆಗೆ ನಿದ್ದೆ ಬಾರದವರು. ನಮ್ಮ ಷಡ್ಡಕರು ಒಂದು ಕಾಲಕ್ಕೆ ತಾಮ್ರದ ಚೊಂಬಿನ ನೀರು ಅಂದರು. ಮಾತು ಬೆಳೆಸಲಾರದೆ ನಾವೆಲ್ಲ ಚೊಂಬು ಕೊಂಡೆವು. ಆಮೇಲೆ ನವಣೆ, ಸಾಮೆ ಅಂದರು. ಮದುವೆ ಪಂಕ್ತಿಯಲ್ಲಿ ಕೂತು, ಅನ್ನ ಬಡಿಸಲು ಬಂದವನಿಗೇ ಅನ್ನದ ಕೆಡುಕು ವಿವರಿಸಿ ಹಿಂದಿನ ಸಾಲಿನವರೆಲ್ಲ ಸಾರಿಗೆ ಕಾಯುವ ಹಾಗೆ ಮಾಡಿದರು. ಈಗ ಸ್ಪೈಡರ್‌ಮ್ಯಾನ್. ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಅಂಕ ಬಂತೆಂದು ಪ್ಲೇಸ್ಟೇಷನ್ ಕೊಡಿಸಿದ್ದರು. ಅವನು ಅದನ್ನು ಬಿಟ್ಟು ಮೊಬೈಲಿನಲ್ಲಿ ಗೆಳೆಯರ ಜೊತೆ ಗುಂಡು ಹಾರಿಸಲು ಹೋದ. ದುಡ್ಡು ಕೊಟ್ಟು ತಂದದ್ದು ಧೂಳು ತಿನ್ನುತ್ತಿದೆಯಲ್ಲ ಎಂಬ ಸಂಕಟಕ್ಕೆ ಇವರು ಕೈ ಹಾಕಿದರು. ‘ಮಾರ್ವೆಲ್ಸ್ ಸ್ಪೈಡರ್‌ಮ್ಯಾನ್’ ಡಿಸ್ಕು ಅದರೊಳಗೇ ಇತ್ತು.

ಮಾತು ಶುರುವಾಗುವುದು ಅಂಕಿಅಂಶದಿಂದ. “ಕ್ಯಾಲಿಫೋರ್ನಿಯಾದ ಇನ್ಸಾಮ್ನಿಯಾಕ್ ಗೇಮ್ಸ್‌ನವರು ಮಾಡಿದ್ದು ರೀ. 2018ರ ಸೆಪ್ಟೆಂಬರ್ 7ಕ್ಕೆ ಬಂತು. ಮೂರೇ ದಿನಕ್ಕೆ 33 ಲಕ್ಷ ಪ್ರತಿ ಖರ್ಚು. ಅಷ್ಟೂ ಜನ ಕೆಲಸವಿಲ್ಲದವರೇನ್ರೀ?” ಕೆಲಸವಿಲ್ಲದವರಿಗೆ ಅಷ್ಟು ದುಡ್ಡೆಲ್ಲಿಂದ ಬರಬೇಕು, ಸರಿ ಬಿಡಿ ಎಂದು ನಾನು ಒಪ್ಪಿದರೂ ಬಿಡುವುದಿಲ್ಲ. ಬರೀ ಒಪ್ಪಿದರೆ ಅವರಿಗೆ ಸಾಲದು, ಜಾಮೀನಿಗೆ ಸಹಿ ಬೇಕು.

ಎದುರಿಗೆ ಯಾರಿದ್ದಾರೆ ನೋಡಿಕೊಂಡು ವಾದ ಬದಲಾಗುತ್ತದೆ. ಹೆಂಡತಿಯ ಮುಂದೆ ರಕ್ತದೊತ್ತಡ: ಅರ್ಧ ಗಂಟೆ ಆಡಿದರೆ ಬಿ.ಪಿ. ಇಳಿಯುತ್ತದಂತೆ. ಪಕ್ಕದ ಮನೆಯ ಮೇಷ್ಟ್ರ ಮುಂದೆ ಭೂಗೋಳ. ನಮ್ಮ ಅತ್ತೆಯ ಮುಂದೆ ಧರ್ಮ.

ಗೌರಿ ಬಾಗಿನ ಕೊಡಲು ಅತ್ತೆ ಮಾವ ಮೈಸೂರಿನಿಂದ ಬಂದಿದ್ದರು. “ಸ್ಪೈಡರ್‌ಮ್ಯಾನ್ ಅಂದ್ರೆ ಪೀಟರ್ ಪಾರ್ಕರ್ ಅನ್ನೋ ಹುಡುಗ ಅತ್ತೆ, ಇಪ್ಪತ್ತಮೂರು ವರ್ಷ. ಅಪ್ಪ ಅಮ್ಮ ಇಲ್ಲ, ಸಾಕಿದ್ದು ದೊಡ್ಡಮ್ಮ. ಮೇ ಅಂತ ಆಯಮ್ಮನ ಹೆಸರು. ಮನೆ ಇಲ್ಲದವರಿಗೆ ಊಟ, ಹಾಸಿಗೆ ಕೊಡೋ ಕಡೆ ದುಡೀತಾರೆ. ದಾಸೋಹ ಅನ್ನಿ. ಇನ್ನು ಈ ಹುಡುಗ, ಎಂಥ ದುಷ್ಟ ಬಂದರೂ ಕೊಲ್ಲೋ ಮಾತೇ ಇಲ್ಲ. ಮಾಳಿಗೆ ಮೇಲಿಂದ ಒದ್ದರೂ ತಾನಾಗಿ ಒಂದು ಎಳೆ ಹೋಗಿ ಅವನನ್ನ ಗೋಡೆಗೆ ಅಂಟಿಸಿಬಿಡುತ್ತೆ.”

ಕೊಲೆ ಇಲ್ಲ ಅಂದಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಕೂತರು. ಆಟ ಶುರುವಾಯಿತು. ಹುಡುಗ ಹಾಸಿಗೆಯಿಂದ ದಡಬಡ ಎದ್ದ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಒಂದು ಚೀಟಿ ಒಳಗೆ ತೂರಿತು. ಬಾಡಿಗೆ ಬಾಕಿಯ ನೋಟೀಸು. ಅದನ್ನು ನೋಡಿ ಮುಖ ಸಪ್ಪೆ ಮಾಡಿಕೊಂಡು ಕಿಟಕಿಯಿಂದ ಹಾರಿದ.

“ಎಷ್ಟು ತಿಂಗಳಿಂದ ಕೊಟ್ಟಿಲ್ಲವಂತೆ?” ಅಂದರು ಅತ್ತೆ.

“ಅದು ಮುಖ್ಯ ಅಲ್ಲ ಅತ್ತೆ. ಈಗ ನೋಡಿ, ಕಟ್ಟಡದಿಂದ ಕಟ್ಟಡಕ್ಕೆ ಹೇಗೆ…”

“ಅಡ್ವಾನ್ಸ್ ಕೊಟ್ಟಿರ್ತಾನಲ್ಲ. ಅದರಲ್ಲೇ ಹಿಡ್ಕೊಳ್ಳಿ ಅಂತ ಓನರಿಗೆ ಹೇಳಬಾರದೇ?”

ಮುಂದೆ ಪೀಟರನನ್ನು ಮನೆಯಿಂದ ಹೊರಗೇ ಹಾಕುತ್ತಾರೆ. ಸಾಮಾನು ಕಸದ ಲಾರಿಯ ಪಾಲಾಗಿ, ಊರು ಕಾಯುವ ವೀರ ಲಾರಿಯ ಬೆನ್ನು ಹತ್ತಬೇಕಾಗುತ್ತದೆ. ಈ ಸನ್ನಿವೇಶ ಬಂದಾಗೆಲ್ಲ ಷಡ್ಡಕರ ಕಣ್ಣು ಒದ್ದೆ. ಕಂತು ಕಟ್ಟದವರಿಗೆ ಹಗಲೆಲ್ಲ ನೋಟೀಸು ಸಹಿ ಮಾಡಿ ಬಂದ ಕೈ ಅದು, ಕಂಟ್ರೋಲರ್ ಮೇಲೆ ಸಣ್ಣಗೆ ನಡುಗುತ್ತಿತ್ತು. “ಕರುಣೆ ಅನ್ನೋದೇ ಇಲ್ಲ ರೀ ಜನಕ್ಕೆ” ಅಂದರು. ಒಳಗಿನಿಂದ ಅತ್ತಿಗೆ ಕೆಮ್ಮಿದರು.

ಮಾವ ಖಜಾನೆ ಇಲಾಖೆಯಲ್ಲಿ ನಿವೃತ್ತರಾದವರು. ಅಷ್ಟು ಹೊತ್ತೂ ಪಂಚಾಂಗ ಹಿಡಿದು ಕೂತಿದ್ದರು. ಸ್ಪೈಡರ್‌ಮ್ಯಾನ್ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಕಿತ್ತು ರೌಡಿಗಳ ಮೇಲೆ ಬೀಸಿ ಒಗೆದಾಗ ಮೊದಲ ಬಾರಿ ಬಾಯಿಬಿಟ್ಟರು: “ಆ ಮುಚ್ಚಳ ಮತ್ತೆ ಹಾಕ್ತಾನೇನಪ್ಪ?”

ಹಾಕುವುದಿಲ್ಲ. ಷಡ್ಡಕರು ಉತ್ತರ ಹುಡುಕುವಷ್ಟರಲ್ಲಿ ಜೇಮ್ಸನ್ ಬಂದ. ಜೆ. ಜೋನಾ ಜೇಮ್ಸನ್ ಹಿಂದೆ ಡೈಲಿ ಬ್ಯೂಗಲ್ ಪತ್ರಿಕೆಯ ಸಂಪಾದಕ. ಈ ಆಟದಲ್ಲಿ ಪಾಡ್‌ಕಾಸ್ಟ್ ಇಟ್ಟುಕೊಂಡಿದ್ದಾನೆ. ನಾವು ಕಟ್ಟಡಗಳ ನಡುವೆ ಜೋತಾಡುತ್ತಿರುವಾಗ ಅವನ ದನಿ ಬರುತ್ತದೆ, ಸ್ಪೈಡರ್‌ಮ್ಯಾನನ ಜನ್ಮ ಜಾಲಾಡುತ್ತದೆ. ಆಟ ಮಾಡಿದವರು ಅವನನ್ನು ಇಟ್ಟಿರುವುದು ನಗಲಿಕ್ಕೆ. ಮಾವ ನಗಲಿಲ್ಲ. ಪಂಚಾಂಗ ಮಡಿಸಿ, ಮುಂದಕ್ಕೆ ಬಾಗಿ, ಕಿವಿಗೊಟ್ಟರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡವನನ್ನು ಊರು ನಂಬುವುದು ಹೇಗೆ, ಅವನನ್ನು ಕೇಳುವವರು ಯಾರು ಎಂಬ ವಾದದಲ್ಲಿ ಅವರಿಗೆ ಒಂದೂ ತಪ್ಪು ಕಾಣಲಿಲ್ಲ.

“ಈತ ಯಾರಪ್ಪ? ಆಡಿಟ್ ಮಾಡಿದೋನ ಮಾತು ಇದು.”

ಇನ್ನು ನನ್ನ ಪಾಳಿ. ಕಂಟ್ರೋಲರ್ ಕೈಗೆ ಕೊಟ್ಟು ಹಿಂದೆ ನಿಂತರು. ಬಲಗೈ ತೋರುಬೆರಳಿಗೆ ಆರ್-ಟೂ ಎಂಬ ಗುಂಡಿ ಸಿಗುತ್ತದೆ. ಒತ್ತಿ ಹಿಡಿದರೆ ಬಲೆಯ ಎಳೆ ಚಿಮ್ಮಿ ಮೈ ತೂಗುತ್ತದೆ, ಬಿಟ್ಟರೆ ಹಾರುತ್ತದೆ. ಕೆಲಸ ಇಷ್ಟೇ, ಆದರೆ ಯಾವಾಗ ಬಿಡಬೇಕು ಎನ್ನುವುದರಲ್ಲಿ ಎಲ್ಲ ಇದೆ. ತೂಗು ತಳಕ್ಕೆ ಬಂದಾಗ ಬಿಟ್ಟರೆ ಮುಂದಕ್ಕೆ ರೊಯ್ಯನೆ ಹೋಗುತ್ತೀರಿ, ಏರಿದ ಮೇಲೆ ಬಿಟ್ಟರೆ ಮೇಲಕ್ಕೆ ಚಿಮ್ಮುತ್ತೀರಿ. ನಾಗರಪಂಚಮಿಯ ಜೋಕಾಲಿ ಜೀಕಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ. ಎಳೆ ಸುಮ್ಮನೆ ಆಕಾಶಕ್ಕೆ ಅಂಟುವುದಿಲ್ಲ, ಅಲ್ಲಿ ನಿಜವಾಗಿ ಒಂದು ಕಟ್ಟಡ ಇರಬೇಕು. ಸೆಂಟ್ರಲ್ ಪಾರ್ಕಿಗೆ ಬಂದರೆ ಮರಗಳೇ ಗತಿ. ಹುಲ್ಲು ಸವರುವಷ್ಟು ತಗ್ಗಿನಲ್ಲಿ ಹೋಗಬೇಕು. ಹಡ್ಸನ್ ನದಿಯ ಮೇಲೆ ಮರವೂ ಇಲ್ಲ, ಸೀದಾ ನೀರಿಗೆ. ಎಷ್ಟೇ ಎತ್ತರದಿಂದ ರಸ್ತೆಗೆ ಬಿದ್ದರೂ ಏನೂ ಆಗುವುದಿಲ್ಲ, ಎದ್ದು ಮೈ ಕೊಡವಿ ಹೊರಡುವುದು. ಷಡ್ಡಕರ ಮಂಡಿಯ ಎಕ್ಸ್-ರೇ ನೋಡಿದವನಾಗಿ ಹೇಳುತ್ತೇನೆ, ಇದು ಸಣ್ಣ ಸುಖವಲ್ಲ. ಎರಡು ಬೀದಿ ದಾಟುವಷ್ಟರಲ್ಲಿ ನನಗೂ ಸ್ವಲ್ಪ ಮತ್ತೇರಿತ್ತು. ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಮುಂದಿನ ಭಾನುವಾರಗಳೆಲ್ಲ ಅವರ ಪಾಲು.

“ಕೇಳಿಸ್ಕೊಳ್ಳಿ, ದನಿ ಕೇಳಿಸ್ಕೊಳ್ಳಿ” ಎಂದು ಹಿಂದಿನಿಂದ ಹೇಳುತ್ತಲೇ ಇದ್ದರು. ಪೀಟರನ ಮಾತುಗಳನ್ನು ಯೂರಿ ಲೋವೆಂಥಾಲ್ ಎಂಬ ನಟ ಎರಡೆರಡು ಸಲ ಹೇಳಿ ಧ್ವನಿಮುದ್ರಣ ಮಾಡಿಸಿದ್ದಾನೆ. ಸುಮ್ಮನೆ ನಿಂತಾಗ ಒಂದು, ಜೋತಾಡುವಾಗ ಏದುಸಿರಿನದು ಇನ್ನೊಂದು. ಫೋನಿನಲ್ಲಿ ಮಾತಾಡುತ್ತಲೇ ನೀವು ಹಾರಿದರೆ ದನಿಯೂ ಬದಲಾಗುತ್ತದೆ. ಈ ಕಸುಬುದಾರಿಕೆಯನ್ನು ಷಡ್ಡಕರು ವರ್ಣಿಸುತ್ತಿರುವಾಗ ಅತ್ತಿಗೆ ಕಾಫಿ ತಂದಿಟ್ಟರು. “ಇವರಿಗೂ ಎರಡು ದನಿ ಇದೆ. ಕರೆದಾಗ ‘ಬಂದೆ’ ಅನ್ನೋದು ಒಂದು. ಇನ್ನೊಂದು ಸಲ ಕರೆದಾಗ ‘ಬಂದೇ ಅಂದ್ನಲ್ಲ’ ಅನ್ನೋದು ಇನ್ನೊಂದು. ಮನುಷ್ಯ ಮಾತ್ರ ಬರಲ್ಲ.”

ಅವರು ಬರದೇ ಇರುವುದಕ್ಕೂ ಕಾರಣ ಆಟದಲ್ಲೇ ಇದೆ. ಪೊಲೀಸ್ ಅಧಿಕಾರಿ ಯೂರಿ ವಾಟನಬೆ ಫೋನ್ ಮಾಡಿ, ಊರಿಗೆ ಅಪಾಯ, ಬೇಗ ಬಾ ಅನ್ನುತ್ತಾಳೆ. ಬೇಗ ಹೋಗಬೇಕೆಂದೇನೂ ಇಲ್ಲ. ಹೋವರ್ಡ್ ಎಂಬ ನಿರ್ಗತಿಕನ ಪಾರಿವಾಳಗಳು ತಪ್ಪಿಸಿಕೊಂಡಿವೆ, ಒಂದೊಂದಾಗಿ ಹಿಡಿದು ಕೊಡಬಹುದು. ಪೀಟರ್ ಎಂಟು ವರ್ಷಗಳಿಂದ ಅಲ್ಲಲ್ಲಿ ಗೋಡೆಗೆ ಅಂಟಿಸಿ ಮರೆತುಹೋದ 55 ಬ್ಯಾಗುಗಳಿವೆ, ಹುಡುಕಬಹುದು. ಆ ಹೊತ್ತೆಲ್ಲ ಖಳರು ತಮ್ಮ ತಮ್ಮ ಜಾಗದಲ್ಲಿ, ಮಾಡಬೇಕಾದ ಅನಾಹುತವನ್ನು ಅರ್ಧಕ್ಕೆ ನಿಲ್ಲಿಸಿಕೊಂಡು, ಶಿಸ್ತಾಗಿ ಕಾದಿರುತ್ತಾರೆ. ಬ್ಯಾಂಕಿನಲ್ಲಿ ಮಾರ್ಚ್ 31 ಕಾಯುವುದಿಲ್ಲ. ಕುಕ್ಕರಿನ ಮೂರನೇ ಸೀಟಿ ಕಾಯುವುದಿಲ್ಲ. ಮಗಳ ಟ್ಯೂಷನ್ ಬಿಡುವ ಹೊತ್ತು ಕಾಯುವುದಿಲ್ಲ. ಖಳನಾಯಕ ಮಿಸ್ಟರ್ ನೆಗೆಟಿವ್ ಕಾಯುತ್ತಾನೆ, ನೀವು ಪಾರಿವಾಳ ಹಿಡಿದು, ಬ್ಯಾಗು ಬಿಚ್ಚಿ ನೋಡಿ, ಸಾವಕಾಶವಾಗಿ ಬರುವವರೆಗೆ. ಈ ಆಟ ಯಾಕೆ ಆಡಬೇಕು ಎಂದರೆ ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಕಾರಣ ಇಲ್ಲ. ಷಡ್ಡಕರು ಇದೊಂದನ್ನು ಮಾತ್ರ ಯಾರ ಮುಂದೆಯೂ ಹೇಳುವುದಿಲ್ಲ. ಅತ್ತಿಗೆಗೆ ಹೇಳದೆಯೇ ಗೊತ್ತು: “55 ಬ್ಯಾಗು ತಂದವರಿಗೆ ಒಂದು ಕಟ್ಟು ಕೊತ್ತಂಬರಿ ತರೋಕಾಗಲಿಲ್ಲ.”

ಹೊಡೆದಾಟದ ಬಗ್ಗೆ ಅವರು ಹೇಳಿದ್ದನ್ನೆಲ್ಲ ನಂಬಬೇಡಿ. ಏಟು ಬೀಳುವ ಮುಂಚೆ ತಲೆಯ ಸುತ್ತ ಬಿಳಿ ಗೆರೆಗಳು ಮಿಂಚುತ್ತವೆ, ಆ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿ ಜಾರಿಕೊಳ್ಳಬೇಕು, ಇಷ್ಟು ನಿಜ. “ಹತ್ತು ಜನ ಸುತ್ತಿಕೊಂಡರೂ ಮೈಮೇಲೆ ಒಂದು ಏಟು ಬೀಳಲ್ಲ ನನಗೆ” ಎಂದು ಮಾವನ ಮುಂದೆ ಹೇಳುತ್ತಿದ್ದಾಗ, ಮೂಲೆಯಲ್ಲಿದ್ದ ಮಗ ಮೊಬೈಲಿನಿಂದ ಕಣ್ಣೆತ್ತದೆ ಅಂದ: “ಫ್ರೆಂಡ್ಲಿ ಮೋಡಲ್ಲಿ ಆಡಿದ್ರೆ ಯಾರಿಗೂ ಬೀಳಲ್ಲ ತಾತ.”

ಫ್ರೆಂಡ್ಲಿ, ಅಮೇಜಿಂಗ್, ಸ್ಪೆಕ್ಟ್ಯಾಕ್ಯುಲರ್ ಎಂದೆಲ್ಲ ಕಷ್ಟದ ಮೆಟ್ಟಿಲುಗಳಿವೆ. ಫ್ರೆಂಡ್ಲಿ ತೀರಾ ಸುಲಭದ್ದು.

ಷಡ್ಡಕರು ಕೆಂಪಾಗಲಿಲ್ಲ, ಕಪ್ಪಾಗಲಿಲ್ಲ. “ಹಿರಿಯ ನಾಗರಿಕರಿಗೆ ಠೇವಣಿ ಮೇಲೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡ್ತೀವಿ. ಅದನ್ನ ತಗೊಂಡವರನ್ನ ಯಾರಾದ್ರೂ ಆಡ್ಕೋತಾರೇನೋ?” ಠೇವಣಿ ಇಟ್ಟಿದ್ದ ಮಾವ, ಇಲ್ಲ ಎಂದು ತಲೆಯಾಡಿಸಿದರು.

ಹಬ್ಬ ಮುಗಿದು ಹಿರಿಯರು ಊರಿಗೆ ಹೋದರು. ಆಟದ ಕಥೆಯನ್ನು ಕೊನೆಯವರೆಗೂ ನೋಡಿರಲಿಲ್ಲ. ಕೊನೆಯಲ್ಲಿ ಊರಿಗೆ ಕಾಯಿಲೆ ಬರುತ್ತದೆ, ಮೇ ದೊಡ್ಡಮ್ಮನಿಗೂ ತಗಲುತ್ತದೆ. ಕೈಯಲ್ಲಿರುವ ಮದ್ದು ಅವಳಿಗೆ ಕೊಟ್ಟರೆ ಊರಿಗೆ ಮಾಡಿಕೊಳ್ಳಲು ಉಳಿಯುವುದಿಲ್ಲ. ಪೀಟರ್ ಊರನ್ನು ಉಳಿಸಿಕೊಳ್ಳುತ್ತಾನೆ. “ನಾನು ಕಥೆ ಹೇಳಲ್ಲ, ನೀವೇ ಆಡಿ” ಎಂದು ಆಣೆ ಮಾಡಿ, ಆಮೇಲೆ ಕಥೆಯನ್ನೆಲ್ಲ ಹೇಳಿಬಿಡುವುದು ಷಡ್ಡಕರ ಪದ್ಧತಿ. ನನಗೆ ಇದೆಲ್ಲ ಗೊತ್ತಾದದ್ದೂ ಹಾಗೆಯೇ, ಲಿಫ್ಟಿಗೆ ಕಾಯುತ್ತಾ ನಿಂತಿದ್ದಾಗ. ಮೊನ್ನೆ ಅತ್ತೆ ಫೋನಿನಲ್ಲಿ ಬೇರೇನೋ ಮಾತಾಡುತ್ತಾ, “ಆ ಹುಡುಗನ ದೊಡ್ಡಮ್ಮ ಹೇಗಿದ್ದಾರೆ?” ಎಂದು ಕೇಳಿದರು.

“ಚೆನ್ನಾಗಿದ್ದಾರೆ ಅತ್ತೆ” ಅಂದರು ಷಡ್ಡಕರು. “ಎಂದಿನ ಹಾಗೆ ಅದೇ ದಾಸೋಹ, ಅದೇ ಓಡಾಟ.”

ಫೋನು ಮಾವನ ಕೈಗೆ ಹೋಯಿತು. ಪ್ಲೇಸ್ಟೇಷನ್‌ಗೆ ಈಗ ಎಷ್ಟಾಗುತ್ತದೆ ಎಂದು ವಿಚಾರಿಸಿದರು. ಷಡ್ಡಕರು ಸೋಫಾದಿಂದ ಎದ್ದೇ ನಿಂತರು, ಮಂಡಿ ಮರೆತು. ಇಷ್ಟು ವರ್ಷದ ಪ್ರಚಾರಕ್ಕೆ ಮೊದಲ ಫಲ. ತಾವೇ ತಂದು ಜೋಡಿಸಿ ಕೊಡುವುದಾಗಿ, ಫ್ರೆಂಡ್ಲಿ ಮೋಡಿನಲ್ಲೇ ಇಟ್ಟು ಕೊಡುವುದಾಗಿ ಹೇಳಿದರು.

“ಆಡೋಕಲ್ಲಪ್ಪ” ಅಂದರು ಮಾವ. “ಆ ಬೈಯೋ ಮನುಷ್ಯ ಬೇಕಿತ್ತು. ಆ ಹಾರೋ ಹುಡುಗನ್ನ ಬಿಟ್ಟು ಅವನೊಬ್ಬನೇ ಸಿಕ್ತಾನೇನು, ಕೇಳಿ ನೋಡು.”